ಜುಲೈ ಮಳೆಯಲ್ಲಿ ಕೂಡದ ಮಹಾಸಭೆ: ನಾವು ಸಂಘ ನೋಂದಾಯಿಸಿದ್ದು ಹೀಗೆ

2023ರ ಜುಲೈನ ಒಂದು ಭಾನುವಾರ. ಊರಿನ ಹಿರಿಯರಿಗೆ ನೆರವಾಗುವ ನಮ್ಮ ಸಂಘದ ಮೊದಲ ವಾರ್ಷಿಕ ಮಹಾಸಭೆ. 31 ಸದಸ್ಯರಲ್ಲಿ ಬಂದವರು 9 ಜನ. ಹಿಂದಿನ ರಾತ್ರಿ ಹಳ್ಳ ಉಕ್ಕಿ ಸಂಕ, ಅಂದರೆ ಕಾಲುಸೇತುವೆ, ಮುಳುಗಿತ್ತು. ಆಗುಂಬೆ ರಸ್ತೆಗೆ ಮರ ಬಿದ್ದಿತ್ತು. ನಮ್ಮ ಬೈಲಾ (ಸಂಘದ ನಿಯಮಾವಳಿ) ಪ್ರಕಾರ ಕೋರಂಗೆ, ಅಂದರೆ ಸಭೆ ನಡೆಯಲು, ಮೂರನೇ ಎರಡು ಭಾಗ ಸದಸ್ಯರು ಬೇಕಿತ್ತು, ಎಂದರೆ 21 ಜನ. ಅವಲಕ್ಕಿ, ಕಾಫಿ ಮುಗಿಸಿ ಬಂದವರು ವಾಪಸು ಹೋದರು. ಸಭೆಯನ್ನು ಒಂದು ವಾರ ಮುಂದೂಡಿದೆವು. ಮುಂದಿನ ವಾರವೂ ಮಳೆ.

ಜುಲೈನಲ್ಲಿ ಮಹಾಸಭೆ ಅಂತ ನಾವು ಯಾಕೆ ಬರೆದೆವು? ನಿಜ ಹೇಳಬೇಕೆಂದರೆ ನಾವು ಬರೆದಿರಲಿಲ್ಲ. ಬಯಲುಸೀಮೆಯ ಒಂದು ಸಂಘದ ಬೈಲಾ ಸಿಕ್ಕಿತ್ತು. ಹೆಸರು, ವಿಳಾಸ ಬದಲಿಸಿ ಅದನ್ನೇ ಕೊಟ್ಟಿದ್ದೆವು. ಸಂಘ ನೋಂದಾಯಿಸಲು ಹೊರಟವರು ನನ್ನ ಹತ್ತಿರ ಬಂದಾಗ ನಾನು ಮೊದಲು ಹೇಳುವುದು ಈ ಜುಲೈ ಕಥೆಯನ್ನೇ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಕಿಲೋಮೀಟರ್ ಆದರೂ ಇರುತ್ತದೆ. ಸುಮಾರು ಮನೆಗಳಲ್ಲಿ ಈಗ ಇಬ್ಬರೇ, ಅಜ್ಜ ಮತ್ತು ಅಜ್ಜಿ. ಕೆಲವು ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲಾ ಅಮೆರಿಕದಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಇವರಿಗೆ ಬಿಪಿ, ಶುಗರ್ ಮಾತ್ರೆ ತಂದುಕೊಡುವವರು ಇರಲಿಲ್ಲ. ನಾವು ನಾಲ್ಕೈದು ಜನ ಸೇರಿ ತೀರ್ಥಹಳ್ಳಿಯಿಂದ ಮಾತ್ರೆ ತರಿಸಿ ಹಂಚತೊಡಗಿದೆವು. ಊರಿನ ಒಬ್ಬ ಜೀಪಿನವರು ಕೂಡಿಕೊಂಡರು. ಆಮೇಲೆ ಮಾತ್ರೆ ಮಾತ್ರ ಅಲ್ಲ, ಆಸ್ಪತ್ರೆಗೆ ಕರೆದೊಯ್ಯುವುದೂ ನಮ್ಮ ಕೆಲಸ ಆಯಿತು. ಕೆಲವೊಮ್ಮೆ ಶಿವಮೊಗ್ಗದ ಮೆಗ್ಗಾನ್, ಕೆಲವೊಮ್ಮೆ ಘಾಟಿ ಇಳಿದು ಮಣಿಪಾಲ.

ಊರಿನ ಮಕ್ಕಳು ಹಣ ಕಳಿಸತೊಡಗಿದರು. ಬರುತ್ತಿದ್ದುದು ನನ್ನ ಪಿಂಚಣಿ ಖಾತೆಗೆ. ಒಂದು ವರ್ಷದಲ್ಲಿ ಸುಮಾರು ಮೂರೂವರೆ ಲಕ್ಷ ಬಂದು ಹೋಯಿತು. ಪ್ರತಿ ರೂಪಾಯಿಗೂ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿದ್ದೆ. ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನನಗೇನಾದರೂ ಆದರೆ ಆ ಹಣ ಯಾರದ್ದು? ಕಾನೂನು ಪ್ರಕಾರ ನನ್ನ ಮನೆಯವರದ್ದು! ಅಂದು ನೋಂದಣಿ ಮಾಡಿಸಲೇಬೇಕು ಅಂತ ಗಟ್ಟಿ ಮಾಡಿಕೊಂಡೆ.

ಮೂರು ದಾರಿ ಇದ್ದವು. ಟ್ರಸ್ಟ್, ಸಂಘ, ಇಲ್ಲವೇ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಲಾಭಕ್ಕಲ್ಲದ ಕಂಪನಿ. ಕಂಪನಿಯನ್ನು ಬೇಗ ಕೈಬಿಟ್ಟೆವು. ವರ್ಷ ವರ್ಷ ಆಡಿಟ್, ಆನ್‌ಲೈನ್ ಫೈಲಿಂಗ್, ತಡವಾದರೆ ದಂಡ. ನಮ್ಮಷ್ಟು ಸಣ್ಣವರಿಗೆ ಅದು ಭಾರ. ಟ್ರಸ್ಟ್ ಸುಲಭ. ಇಬ್ಬರು ಟ್ರಸ್ಟಿಗಳಿದ್ದರೂ ಸಾಕು, ಸ್ಟಾಂಪ್ ಪೇಪರ್ ಮೇಲೆ ಟ್ರಸ್ಟ್ ಪತ್ರ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಆದರೆ ಟ್ರಸ್ಟಿಗಳು ಸಾಯುವವರೆಗೂ ಟ್ರಸ್ಟಿಗಳಾಗಿಯೇ ಉಳಿಯಬಹುದು, ಪತ್ರದಲ್ಲಿ ಹಾಗೆ ಬರೆದರೆ. ನಮಗೆ ಊರಿನ ಎಲ್ಲರೂ ಸದಸ್ಯರಾಗಬೇಕಿತ್ತು. ಕೆಲಸ ಮಾಡದವರನ್ನು ಮತ ಹಾಕಿ ಬದಲಿಸುವ ಹಾಗಿರಬೇಕಿತ್ತು, ನನ್ನನ್ನೂ ಸೇರಿಸಿ. ಹಾಗಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡುವುದು ಅಂತ ಆಯಿತು.

ಇಲ್ಲಿ ಸುಮಾರು ಜನ ದಾರಿ ತಪ್ಪುತ್ತಾರೆ. ಜಾಗ, ತೋಟ ನೋಂದಾಯಿಸುವ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಂಘ ಮಾಡಿಕೊಡಿ ಅನ್ನುತ್ತಾರೆ. ಸಂಘ ನೋಂದಾಯಿಸುವುದು ಅಲ್ಲಿ ಅಲ್ಲ. ನಮ್ಮ ರಾಜ್ಯದಲ್ಲಿ ಅದು ಸಹಕಾರ ಇಲಾಖೆಯ ಕೆಲಸ. ಸಂಘಗಳ ನೋಂದಣಾಧಿಕಾರಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ನಮಗೆ ಅಂದರೆ ಶಿವಮೊಗ್ಗ. ಒಂದು ಸಹಿ ತಪ್ಪಿದರೆ ಮಂಡಗದ್ದೆ, ಸಕ್ರೆಬೈಲು ದಾಟಿ ಮತ್ತೆ ಅಷ್ಟು ದೂರ. ಮೊದಲ ಸಲ ಹೋಗುವಾಗಲೇ ಎಲ್ಲದರ ಮೂರು ಜೆರಾಕ್ಸ್ ಪ್ರತಿ, ಎಲ್ಲರ ನಾಲ್ಕು ಫೋಟೊ ಜೊತೆಗಿಟ್ಟುಕೊಂಡು ಹೋಗಿ.

ಸಂಘಕ್ಕೆ ಕನಿಷ್ಠ 7 ಜನ ಬೇಕು. 2022ರ ಜನವರಿ, ಅಡಿಕೆ ಗೊನೆ ಕೊಯ್ಲು ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಲೇ ಏಳು ಹೆಸರು ಆರಿಸಿದೆವು. ಒಂದೇ ಮನೆಯ ಇಬ್ಬರು ಬೇಡ ಅಂತ ನಾನು ಹಟ ಹಿಡಿದೆ. ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಮಗ ಖಜಾಂಚಿ ಆದರೆ ಅದು ಊರಿನ ಸಂಘ ಅನ್ನಿಸುವುದಿಲ್ಲ, ಅಲ್ವಾ?

ಕಷ್ಟ ಆಗಿದ್ದು ಜೀಪಿನವರ ವಿಷಯದಲ್ಲಿ. ಮೊದಲ ದಿನದಿಂದ ದುಡಿದವರು ಅವರು. ಏಳು ಜನರಲ್ಲಿ ಅವರು ಇರಲೇಬೇಕು ಅಂತ ಎಲ್ಲರೂ ಅಂದರು. ತೀರ್ಥಹಳ್ಳಿಯ ಆಡಿಟರ್ ಒಬ್ಬರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಸಂಘ ಅವರಿಗೆ ಬಾಡಿಗೆ ಕೊಡುತ್ತದೆ. ಸಂಘ ಕಟ್ಟಿದವರಿಗೆ, ಅವರ ಹತ್ತಿರದ ನೆಂಟರಿಗೆ ಸಂಘದ ಹಣದಿಂದ ಲಾಭ ಆಗಬಾರದು ಅಂತ ಆದಾಯ ತೆರಿಗೆ ಕಾನೂನಿದೆ. ನ್ಯಾಯವಾದ ಬಾಡಿಗೆ ಕೊಟ್ಟರೆ ತಪ್ಪಲ್ಲ, ಆದರೆ ಪ್ರತಿ ಸಲ ಅದು ನ್ಯಾಯವಾದ ಬಾಡಿಗೆಯೇ ಅಂತ ತೋರಿಸಬೇಕಾಗುತ್ತದೆ. ಈ ಮಾತನ್ನು ಹೇಗೆ ಹೇಳುವುದು ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಅವರ ಮನೆಗೇ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಹಿ ಹಾಕದಿದ್ರೆ ಸಂಘ ನಂದಲ್ವಾ ಟೀಚರ್?" ಅಂದರು. ನನ್ನ ಕಣ್ಣು ತುಂಬಿತು. "ನಿಮ್ದೇ, ಅದಕ್ಕೇ ಹೇಳ್ತಿರೋದು" ಅಂದೆ. ಅವರು ಒಪ್ಪಿದರು. ಇವತ್ತಿಗೂ ಪ್ರತಿ ಪ್ರಯಾಣಕ್ಕೆ ಅವರ ಹತ್ತಿರ ವೋಚರ್ ಇರುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾರನ್ನು ಕರೆದೊಯ್ದರು, ಎಲ್ಲವೂ ಅದರಲ್ಲಿ.

ಕಾಗದಪತ್ರ ಜಾಸ್ತಿ ಏನಿಲ್ಲ. ಸಂಘದ ಹೆಸರು, ಉದ್ದೇಶ ಬರೆದ ಜ್ಞಾಪನಾ ಪತ್ರ. ನಿಯಮಾವಳಿ, ಅಂದರೆ ಬೈಲಾ. ಸಂಘ ಕಟ್ಟಲು ತೀರ್ಮಾನಿಸಿದ ಸಭೆಯ ನಡವಳಿ. ಏಳೂ ಜನರ ಗುರುತಿನ ಚೀಟಿ, ವಿಳಾಸದ ದಾಖಲೆ. ಕಚೇರಿಗೆ ಜಾಗ ಕೊಟ್ಟವರ ಒಪ್ಪಿಗೆ ಪತ್ರ, ಅದರ ಜೊತೆ ಕರೆಂಟ್ ಬಿಲ್. ನಮ್ಮ ಕಚೇರಿ ಅಂದರೆ ನಮ್ಮ ಮನೆಯ ಹೊರಗಿನ ಕೋಣೆ. ಕರೆಂಟ್ ಬಿಲ್ ತೀರಿಹೋದ ಮಾವನವರ ಹೆಸರಲ್ಲೇ ಇತ್ತು. ಅದನ್ನು ನನ್ನ ಯಜಮಾನರ ಹೆಸರಿಗೆ ಮಾಡಿಸಿಕೊಳ್ಳಲೇ ಒಂದು ತಿಂಗಳು ಹೋಯಿತು. ಸಂಘದ ಕನಸು ಕಾಣುವ ಮೊದಲೇ ಇಂಥದ್ದನ್ನು ಸರಿಮಾಡಿಕೊಳ್ಳಿ.

2022ರ ಜೂನ್‌ನಲ್ಲಿ ಪ್ರಮಾಣಪತ್ರ ಕೈಗೆ ಬಂತು. ಬೋರ್ಡಿನಲ್ಲಿ ಹೆಸರಿನ ಮುಂದೆ 'ರಿ' ಅಂತ ಬರೆಸಿದ ದಿನ ಆದ ಸಂತೋಷ ಇನ್ನೂ ನೆನಪಿದೆ. ಆಮೇಲೆ ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡ್. ಇಲ್ಲೊಂದು ಸಣ್ಣ ವಿಷಯ ನಮ್ಮನ್ನು ದೊಡ್ಡದಾಗಿ ಕಾಡಿತು. ನಮ್ಮ ಪ್ರಮಾಣಪತ್ರ ಕನ್ನಡದಲ್ಲಿತ್ತು. ಸಂಘದ ಹೆಸರಲ್ಲಿ ತೀರ್ಥಹಳ್ಳಿ ಅಂತ ಇದೆ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಕೆಲವರು ಮೊದಲ 'ಟಿ' ಆದಮೇಲೆ 'ಎಚ್' ಸೇರಿಸಿ ಬರೆಯುತ್ತಾರೆ, ಕೆಲವರು ಸೇರಿಸುವುದಿಲ್ಲ. ಪ್ಯಾನ್‌ನಲ್ಲಿ ಒಂದು ಥರ, ಬ್ಯಾಂಕ್ ಅರ್ಜಿಯಲ್ಲಿ ಇನ್ನೊಂದು ಥರ ಆಗಿಬಿಟ್ಟಿತು. ಬ್ಯಾಂಕಿನವರು ವಾಪಸು ಕಳಿಸಿದರು, ಅವರ ತಪ್ಪಲ್ಲ. ಮೊದಲ ಸಭೆಯ ನಡವಳಿಯಲ್ಲೇ 'ಸಂಘದ ಹೆಸರನ್ನು ಇಂಗ್ಲಿಷಿನಲ್ಲಿ ಹೀಗೆ ಬರೆಯತಕ್ಕದ್ದು' ಅಂತ ಒಂದು ಠರಾವು ಮಾಡಿ. ಮುಂದೆ ಎಲ್ಲ ಕಡೆ ಅದೇ ಇರಲಿ.

ಬ್ಯಾಂಕ್ ಖಾತೆಗೂ ಠರಾವು ಬೇಕು. ಯಾರು ಚೆಕ್ಕಿಗೆ ಸಹಿ ಮಾಡುವವರು ಅಂತ. ನಕಲು ಹೊಡೆದ ಬೈಲಾದಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಸಹಿ ಹಾಕಬೇಕು ಅಂತ ಇತ್ತು. ಓದುವಾಗ ಚೆನ್ನಾಗಿ ಕಂಡಿತ್ತು. ಆದರೆ ನಮ್ಮ ಖಜಾಂಚಿ ಮನೆ ಹಳ್ಳದ ಆಚೆ. ಆಗಸ್ಟ್‌ನಲ್ಲಿ ಒಬ್ಬ ಅಜ್ಜನ ಸೊಂಟದ ಮೂಳೆ ಮುರಿಯಿತು. ಮುಂಗಡ ಕಟ್ಟಲು ಚೆಕ್ ಬೇಕಿತ್ತು, ಮೂರನೇ ಸಹಿ ಇಲ್ಲ. ಅಂದು ಕೈಯಿಂದ ಹಣ ಹಾಕಿ ಕಟ್ಟಿದೆವು.

ಆದಾಯ ತೆರಿಗೆ ನೋಂದಣಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಂಘ ನೋಂದಣಿ ಆದ ಕೂಡಲೇ ತೆರಿಗೆ ವಿನಾಯಿತಿ ತಾನಾಗಿ ಬರುವುದಿಲ್ಲ. ಅದು ಬೇರೆ ಅರ್ಜಿ. ನಾವು ಅರ್ಜಿ ಹಾಕಿದ್ದು 1961ರ ಆದಾಯ ತೆರಿಗೆ ಕಾಯ್ದೆ ಇದ್ದಾಗ; ಸಂಘದ ಆದಾಯಕ್ಕೆ ವಿನಾಯಿತಿ ಬೇಕಾದರೆ ಅದರಲ್ಲಿ 12ಎ ಅಂತ ಎಲ್ಲರೂ ಕರೆಯುತ್ತಿದ್ದ ನೋಂದಣಿ. ದಾನಿಗಳಿಗೆ ವಿನಾಯಿತಿ ಸಿಗಬೇಕಾದರೆ 80ಜಿ. ನಾವು ಹಾಕಿದಾಗ ಮೊದಲು ಫಾರ್ಮ್ 10ಎ, ಅದರಿಂದ 3 ವರ್ಷಕ್ಕೆ ತಾತ್ಕಾಲಿಕ ನೋಂದಣಿ ಸಿಕ್ಕಿತು. ಅದು ಬೇಗ ಬಂತು. ಆಮೇಲೆ ಫಾರ್ಮ್ 10ಎಬಿ, ಅದು 5 ವರ್ಷದ ನೋಂದಣಿಗೆ. ಎಲ್ಲವೂ ಆನ್‌ಲೈನ್, ಎಲ್ಲದಕ್ಕೂ ಒಟಿಪಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಧ್ಯಕ್ಷರನ್ನು ಕರೆದುಕೊಂಡು ತೀರ್ಥಹಳ್ಳಿಯ ಆಡಿಟರ್ ಕಚೇರಿಯಲ್ಲೇ ಕೂತು ಮುಗಿಸಿದೆ.

10ಎಬಿ ಪರಿಶೀಲನೆಯಲ್ಲಿ ಪ್ರಶ್ನೆ ಬಂತು. ಸಂಘ ಮುಚ್ಚಿದರೆ ಉಳಿದ ಆಸ್ತಿ ಯಾರಿಗೆ? ನಮ್ಮ ಬೈಲಾದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನೋಡಿ, ನನ್ನ ನಿದ್ದೆ ಕೆಡಿಸಿದ್ದೂ ಇದೇ ಪ್ರಶ್ನೆ. ಅದಕ್ಕಾಗಿಯೇ ಸಂಘ ಕಟ್ಟಿದೆವು. ಕಟ್ಟುವಾಗ ಅದನ್ನೇ ಬರೆಯುವುದು ಬಿಟ್ಟೆವು.

2024ರ ಜನವರಿಯಲ್ಲಿ ವಿಶೇಷ ಮಹಾಸಭೆ ಕರೆದೆವು. ಈ ಸಲ ಯಾರ ನಕಲೂ ಇಲ್ಲ. ಬೈಲಾವನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆ. ಅರ್ಥ ಆಗದ ಪದ ಬಂದರೆ ನಿಲ್ಲಿಸಿ ಬದಲಿಸಿದೆವು. ಮಹಾಸಭೆ ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು. ಕೋರಂ ಮೂರನೇ ಒಂದು ಭಾಗ. ಚೆಕ್ಕಿಗೆ ಮೂವರಲ್ಲಿ ಯಾರಾದರೂ ಇಬ್ಬರು. ಒಬ್ಬರು ಒಂದೇ ಹುದ್ದೆಯಲ್ಲಿ ಎರಡು ಅವಧಿಗಿಂತ ಜಾಸ್ತಿ ಇರುವಂತಿಲ್ಲ. ಸಂಘ ಮುಚ್ಚಿದರೆ ಉಳಿದದ್ದು ಇದೇ ರೀತಿಯ ಉದ್ದೇಶದ, ತೆರಿಗೆ ನೋಂದಣಿ ಇರುವ ಇನ್ನೊಂದು ಸಂಸ್ಥೆಗೆ. ಸದಸ್ಯರಿಗೆ ಒಂದು ರೂಪಾಯಿಯೂ ಇಲ್ಲ. ಈ ಸಾಲು ಓದಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಇದನ್ನ ಮೊದಲೇ ಬರೀಬೇಕಿತ್ತಲ್ಲ ಮಗಾ" ಅಂದರು. ತಿದ್ದುಪಡಿಯನ್ನು ಶಿವಮೊಗ್ಗದಲ್ಲಿ ದಾಖಲಿಸಿ ಉತ್ತರ ಕಳಿಸಿದೆವು. ಮಾರ್ಚ್‌ನಲ್ಲಿ 12ಎ, 80ಜಿ ಎರಡೂ ಮಂಜೂರಾದವು.

80ಜಿ ಬಂದಮೇಲೆ ರಸೀದಿ ಕೊಡುವುದು ಜವಾಬ್ದಾರಿಯ ಕೆಲಸ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ದಾನಿಗೆ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಖಾತೆಗೇ ಹಾಕಿ ಅನ್ನುತ್ತೇವೆ. ದಾನಿಯ ಪ್ಯಾನ್ ನಂಬರ್ ಅಂದೇ ಬರೆದುಕೊಳ್ಳಬೇಕು. 1961ರ ಕಾಯ್ದೆಯಲ್ಲಿ, ವರ್ಷ ಮುಗಿದಮೇಲೆ ಮೇ 31ರೊಳಗೆ ಫಾರ್ಮ್ 10ಬಿಡಿ, ಅಂದರೆ ದೇಣಿಗೆಗಳ ವಿವರ, ಸಲ್ಲಿಸಿದರೆ ದಾನಿಗಳ ಪ್ರಮಾಣಪತ್ರ ಬರುತ್ತಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿಯ ಲಾಭ ಇಲ್ಲ. ಅದನ್ನು ನಾವೇ ಮೊದಲು ಹೇಳಿಬಿಡುತ್ತೇವೆ.

ವಿದೇಶದ ಹಣ ಇನ್ನೂ ಸೂಕ್ಷ್ಮ. ಮಲೆನಾಡಿನ ಪ್ರತಿ ಊರಿಗೂ ಇದು ಬೇಕಾದ ಮಾತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅವರ ಹಣ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಕೇಂದ್ರ ಗೃಹ ಇಲಾಖೆಯಿಂದ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅನುಮತಿ ಬೇಕು. ಅದರ ನೋಂದಣಿಗೆ ಸಂಘಕ್ಕೆ 3 ವರ್ಷ ಆಗಿರಬೇಕು, ಆ 3 ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ನಮ್ಮ ಹತ್ತಿರ ಅಷ್ಟಿಲ್ಲ. ನನ್ನ ಶಿಷ್ಯನೊಬ್ಬ ಅಮೆರಿಕದಿಂದ 50,000 ಕಳಿಸುತ್ತೇನೆ ಅಂದ. ಅವನು ಅಲ್ಲಿನ ಪ್ರಜೆ. ಬೇಡ ಅಂದೆ. ಅವನಿಗೆ ಬೇಜಾರಾಯಿತು, ನನಗೂ. ಅಪ್ಪ ಅಮ್ಮನನ್ನು ನೋಡಲು ಊರಿಗೆ ಬಂದಾಗ ನಮ್ಮ ಜೊತೆ ನಾಲ್ಕು ಮನೆ ಸುತ್ತಿ ಬಾ ಅಂದೆ. ಬಂದ, ಸುತ್ತಿದ.

ಈಗ ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ಆಡಿಟರ್‌ಗೆ ಹೋಗುತ್ತದೆ. ಮೇನಲ್ಲಿ ಮಹಾಸಭೆ. ಅದಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಶಿವಮೊಗ್ಗಕ್ಕೆ. ಜನ ಇದನ್ನು ನವೀಕರಣ ಅನ್ನುತ್ತಾರೆ. ಇದನ್ನು ಬಿಟ್ಟು ಹತ್ತು ವರ್ಷ ಆದಮೇಲೆ ಒಟ್ಟಿಗೆ ಸರಿಮಾಡಲು ಓಡಾಡುವ ಸಂಘಗಳನ್ನು ನೋಡಿದ್ದೇನೆ. ಕಳೆದ ಮಹಾಸಭೆಗೆ 34 ಸದಸ್ಯರಲ್ಲಿ 27 ಜನ ಬಂದರು. ಹೊಸ ಖಜಾಂಚಿಯಾಗಿ ಊರಿನ ಅಂಗನವಾಡಿ ಕಾರ್ಯಕರ್ತೆ ಆಯ್ಕೆಯಾದರು. ಮರುದಿನವೇ ಅವರೂ ನಾನೂ ಠರಾವಿನ ಪ್ರತಿ ಹಿಡಿದು ಬ್ಯಾಂಕಿಗೆ ಹೋಗಿ ಸಹಿ ಬದಲಿಸಿ ಬಂದೆವು. ಅಷ್ಟರಲ್ಲಿ ಜೀಪಿನವರು ಒಬ್ಬ ಅಜ್ಜಿಯನ್ನು ಡಯಾಲಿಸಿಸ್‌ಗೆ ಬಿಟ್ಟು, ಬ್ಯಾಂಕಿನ ಎದುರು ನಮಗಾಗಿ ಕಾಯುತ್ತಿದ್ದರು. ವೋಚರ್ ತುಂಬಿಯೇ ಇಟ್ಟಿದ್ದರು.