ಕರೆಂಟು ಎಲ್ಲಿತನಕ ಬಂತು: ಐಸ್‌ಮೇಕರ್ ರಿಪೇರಿಯಲ್ಲಿ ನನ್ನ ಅನುಭವ

ಹೋದ ಜೂನ್‌ನಲ್ಲಿ ನಮ್ಮ ಹ್ಯೂಸ್ಟನ್ ಮನೆಯ ಫ್ರಿಜ್ಜು ಐಸ್ ಕೊಡುವುದನ್ನು ನಿಲ್ಲಿಸಿತು. ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುವಂಥ ಸೆಕೆ. ನೋಡಲು ಬಂದ ಮೆಕ್ಯಾನಿಕ್ ಐದೇ ನಿಮಿಷದಲ್ಲಿ “ಇಡೀ ಐಸ್‌ಮೇಕರ್ ಬದಲಿಸಬೇಕು” ಎಂದು ಹೇಳಿ ಹೊರಟ. ಐಸ್‌ಮೇಕರ್ ಅಂದರೆ ಫ್ರೀಜರಿನೊಳಗೆ ಕೂತು, ತಾನೇ ನೀರು ತುಂಬಿಕೊಂಡು ಐಸ್ ಮಾಡಿ ಡಬ್ಬಿಗೆ ತಳ್ಳುವ ಯಂತ್ರ. ಚೀಲದಲ್ಲಿದ್ದ ಮೀಟರನ್ನು ಹೊರಗೆ ತೆಗೆಯಲೇ ಇಲ್ಲ. ಅದು ನನಗೆ ಸರಿಕಾಣಲಿಲ್ಲ.

ನಮ್ಮಪ್ಪನದು ಹುಬ್ಬಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಹಲಗೆಗೆ ಹೊಡೆದ ಒಂದು ಹೋಲ್ಡರ್, ಒಂದು ಬಲ್ಬು, ಎರಡು ವೈರು. ಕರೆಂಟು ಹಾದರೆ ಬಲ್ಬು ಉರಿಯುತ್ತದೆ; ಆ ಸೀರೀಸ್ ಲ್ಯಾಂಪೇ ಅವರ ಮೀಟರ್. ಅಂದು ರಾತ್ರಿ ವಿಡಿಯೋ ಕಾಲ್‌ನಲ್ಲಿ ವಿಷಯ ಹೇಳಿದೆ. “ತಮ್ಮಾ, ಪಾರ್ಟ್ ಆಮ್ಯಾಲೆ ತರೂಣಂತ. ಮೊದಲ ಕರೆಂಟ್ ಎಲ್ಲಿತನಕ ಬಂದೈತಿ, ಎಲ್ಲಿ ನಿಂತೈತಿ ಅದನ್ನ ನೋಡು” ಅಂದರು. ಅವರು ಐಸ್‌ಮೇಕರ್ ಕಂಡವರಲ್ಲ. ಆದರೂ ಕೆಲಸ ನಡೆದದ್ದು ಅವರ ಮಾತಿನ ಜಾಡಿನಲ್ಲೇ.

ಮೀಟರ್ ಹಿಡಿಯುವ ಮೊದಲು ಕಣ್ಣಲ್ಲೇ ನೋಡಬೇಕಾದದ್ದು ಬಹಳ ಇದೆ. ಅಚ್ಚಿನಲ್ಲಿ, ಅಂದರೆ ನೀರು ಗಟ್ಟಿಯಾಗುವ ಲೋಹದ ತಟ್ಟೆಯಲ್ಲಿ, ಐಸ್ ತುಂಬಿಕೊಂಡು ಕೂತಿತ್ತು. ನನಗೆ ಅರ್ಧ ಉತ್ತರ ಸಿಕ್ಕಿದ್ದು ಅಲ್ಲೇ. ಐಸ್ ಆಗಿದೆ ಅಂದರೆ ನೀರು ಬಂದಿದೆ, ನೀರಿನ ವಾಲ್ವ್ ತೆರೆದಿದೆ, ಕೊಳವೆ ಕಟ್ಟಿಲ್ಲ. ಆಗಿರುವ ಐಸನ್ನು ಹೊರಗೆ ತಳ್ಳುವ ಕೆಲಸವಷ್ಟೇ ನಿಂತಿದೆ. ಅಚ್ಚು ಖಾಲಿ ಇದ್ದಿದ್ದರೆ ನಾನು ಹುಡುಕುತ್ತಿದ್ದದ್ದು ಫ್ರಿಜ್ಜಿನ ಬೆನ್ನಿನ ಕಡೆ.

ಐಸ್ ಬೀಳುವ ಡಬ್ಬಿ ತುಂಬಿದಾಗ ಮೇಲೆದ್ದು ಯಂತ್ರ ನಿಲ್ಲಿಸುವ ತಂತಿಯ ಕೈ ಕೆಳಗೇ ಇತ್ತು. ಫ್ರೀಜರಿನ ಉಷ್ಣತೆಯನ್ನೂ ಥರ್ಮಾಮೀಟರ್ ಇಟ್ಟು ನೋಡಿದೆ: 0 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 18 ಸೆಲ್ಸಿಯಸ್. ಈ ಬಗೆಯ ಐಸ್‌ಮೇಕರಿನ ಥರ್ಮೋಸ್ಟಾಟ್ ಸುಮಾರು ಮೈನಸ್ 8 ಸೆಲ್ಸಿಯಸ್‌ಗೆ ಇಳಿದಾಗ ‘ಐಸ್ ಆಗಿದೆ’ ಎಂದು ತಿಳಿದು ಸರ್ಕ್ಯೂಟ್ ಕೂಡಿಸುತ್ತದೆ. ಫ್ರೀಜರೇ ಅಷ್ಟು ತಣ್ಣಗಾಗದಿದ್ದರೆ ಐಸ್‌ಮೇಕರ್ ತಪ್ಪಿಲ್ಲದೆ ಬೈಸಿಕೊಳ್ಳುತ್ತದೆ. ಇಲ್ಲಿ ಹಾಗಿರಲಿಲ್ಲ.

ಐಸ್‌ಮೇಕರಿನ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತರೆ ಮಾಡ್ಯೂಲಿನ, ಅಂದರೆ ಮೋಟಾರು, ಸ್ವಿಚ್ಚುಗಳಿರುವ ಭಾಗದ, ಮೇಲೆ ಸಣ್ಣ ತೂತುಗಳು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು. ಎಲ್ ಅಂದರೆ ಲೈನ್, ಎನ್ ಅಂದರೆ ನ್ಯೂಟ್ರಲ್, ಟಿ ಥರ್ಮೋಸ್ಟಾಟ್, ಎಚ್ ಹೀಟರ್, ಎಂ ಮೋಟಾರ್, ವಿ ವಾಲ್ವ್. ತಯಾರಕರು ಪರೀಕ್ಷೆಗೆಂದೇ ಬಿಟ್ಟ ಕಿಂಡಿಗಳಿವು. ಇಷ್ಟು ಅನುಕೂಲ ಮಾಡಿಕೊಟ್ಟಿರುವಾಗ ಊಹೆಯ ಮೇಲೆ ಪಾರ್ಟ್ ಬದಲಿಸುವುದು ನನ್ನ ಮಟ್ಟಿಗೆ ತಪ್ಪು ಕೆಲಸ.

ಎಲ್ ಮತ್ತು ಎನ್ ನಡುವೆ ಮೀಟರ್ ಇಟ್ಟೆ. 120 ವೋಲ್ಟ್ ತೋರಿಸಿತು, ಅಮೆರಿಕದ ಮನೆಗಳಿಗೆ ಬರುವುದು ಅಷ್ಟೇ. ಅಲ್ಲಿಗೆ ಫ್ರಿಜ್ಜಿನ ವೈರಿಂಗ್ ಸರಿ, ಕರೆಂಟು ಬಾಗಿಲ ತನಕ ಬಂದಿದೆ. ಆಮೇಲೆ ಥರ್ಮೋಸ್ಟಾಟಿನ ಎರಡು ತುದಿಗಳಾದ ಟಿ ಮತ್ತು ಎಚ್ ನಡುವೆ ಇಟ್ಟೆ. ಅಲ್ಲೂ 120. ಈ ಎರಡನೆಯ 120 ಒಳ್ಳೆಯ ಸುದ್ದಿಯಲ್ಲ. ಥರ್ಮೋಸ್ಟಾಟ್ ಕೂಡಿದ್ದರೆ ಆ ಎರಡು ತೂತುಗಳ ನಡುವೆ ಸೊನ್ನೆ ಬರಬೇಕು. ಐಸ್ ಗಟ್ಟಿಯಾಗಿ ಎಷ್ಟೋ ಹೊತ್ತಾದರೂ ಅದು ಬಾಯಿ ತೆರೆದೇ ಕೂತಿದೆ. ಕರೆಂಟು ನಿಂತ ಜಾಗ ಸಿಕ್ಕಿತು.

ಆದರೆ ಅದರ ಮುಂದಿನವು ಸರಿಯಿವೆಯೇ? ಅದಕ್ಕೆ ಇನ್ನೊಂದು ಪರೀಕ್ಷೆ. ಫ್ರಿಜ್ಜಿನ ಪ್ಲಗ್ ತೆಗೆದು, ತುದಿಯಷ್ಟೇ ಸುಲಿದ ದಪ್ಪ ಇನ್ಸುಲೇಶನ್ ವೈರಿನ ತುಂಡಿನಿಂದ ಟಿ ಮತ್ತು ಎಚ್ ಎರಡನ್ನೂ ಸೇರಿಸಿದೆ. ಥರ್ಮೋಸ್ಟಾಟ್ ತಾನೇ ಕೂಡಿದಂತೆ ಆಯಿತು. ಪ್ಲಗ್ ಮತ್ತೆ ಹಾಕಿದ ಕೂಡಲೇ ಮೋಟಾರ್ ಗೊರ್ ಎಂದಿತು. ಕೆಲವು ಸೆಕೆಂಡಾದ ಮೇಲೆ ಪ್ಲಗ್ ಕಿತ್ತು, ವೈರು ತೆಗೆದು, ಪುನಃ ಪ್ಲಗ್ ಹಾಕಿದೆ. ಒಮ್ಮೆ ಸುತ್ತು ಶುರುವಾದರೆ ಒಳಗಿನ ಸ್ವಿಚ್ಚೇ ಮುಂದುವರಿಸಿಕೊಂಡು ಹೋಗುತ್ತದೆ. ಈ ಪರೀಕ್ಷೆ ಮಾಡುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ: ಆ ವೈರಿನಲ್ಲಿರುವುದು ಜೀವ ತೆಗೆಯುವ ಕರೆಂಟು. ಕೈತಪ್ಪಿ ಎಲ್‌ಗೂ ಎನ್‌ಗೂ ತಾಗಿಸಿದರೆ ನೇರ ಶಾರ್ಟ್. ಕೈ ಒದ್ದೆ ಇರಬಾರದು, ಅಕ್ಷರವನ್ನು ಎರಡು ಸಲ ಓದಿ ನೋಡಬೇಕು.

ತಳ್ಳುವ ಬೆರಳುಗಳು ಐಸಿಗೆ ತಾಗಿ ನಿಂತವು. ನಿಲ್ಲುವುದೇ ಸರಿ, ಹೀಟರ್ ಅಚ್ಚನ್ನು ಬಿಸಿ ಮಾಡಿ ಐಸಿನ ಅಡಿ ಸಡಿಲವಾಗುವ ತನಕ ಅವು ಒತ್ತಿಕೊಂಡು ಕಾಯುತ್ತವೆ. ಕೆಲವು ನಿಮಿಷದಲ್ಲಿ ಐಸ್ ಜಾರಿ ಹೊರಳಿತು. ಸುತ್ತು ಮುಗಿಯುವ ಹೊತ್ತಿಗೆ ಏಳೆಂಟು ಸೆಕೆಂಡು ನೀರು ಸುರಿಯಿತು. ಮೋಟಾರ್, ಹೀಟರ್, ವಾಲ್ವ್ ಮೂರೂ ಒಂದೇ ಏಟಿಗೆ ಪಾಸು. ಬಿಸಾಡಬೇಕೆಂದು ಮೆಕ್ಯಾನಿಕ್ ಹೇಳಿದ್ದು ಈ ಮೂರನ್ನೂ ಸೇರಿಸಿ!

ಥರ್ಮೋಸ್ಟಾಟ್ ಬಿಚ್ಚಿದ ಮೇಲೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಅಚ್ಚಿಗೂ ಅದಕ್ಕೂ ನಡುವೆ ಶಾಖ ದಾಟಿಸುವ ಬಿಳಿ ಪೇಸ್ಟ್ ಇರುತ್ತದೆ. ನಮ್ಮದರಲ್ಲಿ ಅದು ಒಣಗಿ ಉದುರುತ್ತಿತ್ತು. ಹಾಗಾದರೆ ಕೆಟ್ಟದ್ದು ಥರ್ಮೋಸ್ಟಾಟೋ, ಪೇಸ್ಟೋ? ಪುಡಿ ಐಸಿಗೆ ಉಪ್ಪು ಬೆರೆಸಿದೆ. ಊರಲ್ಲಿ ಕೈಯಿಂದ ತಿರುಗಿಸಿ ಐಸ್‌ಕ್ರೀಮ್ ಮಾಡುವಾಗ ಡಬ್ಬಿಯ ಸುತ್ತ ಹಾಕುವುದೂ ಇದನ್ನೇ. ಥರ್ಮಾಮೀಟರ್ ಮೈನಸ್ 15 ಸೆಲ್ಸಿಯಸ್ ತೋರಿಸಿದಾಗ ಥರ್ಮೋಸ್ಟಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗೆ ಹೂತೆ. ಹತ್ತು ನಿಮಿಷ, ಹದಿನೈದು ನಿಮಿಷ. ಥರ್ಮೋಸ್ಟಾಟ್ ಕೂಡಿದರೆ ಕೂಗಬೇಕಾದ ಓಮ್‌ಮೀಟರ್ ಕದಲಲೇ ಇಲ್ಲ. ಕೆಟ್ಟದ್ದು ಅದೇ.

ಬಿಡಿ ಥರ್ಮೋಸ್ಟಾಟ್ ಅಂಚೆಯಲ್ಲಿ ಬಂತು. ಅದನ್ನೂ ಅದೇ ಉಪ್ಪು ಐಸಿನಲ್ಲಿ ಇಟ್ಟು, ಮೀಟರ್ ಕೂಗಿದ್ದನ್ನು ಕೇಳಿಯೇ ಕೂರಿಸಿದೆ. ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿದೆ. ಅಚ್ಚಿನಲ್ಲಿದ್ದ ನೀರು ಗಟ್ಟಿಯಾಗಲು ಬಿಟ್ಟು, ಆಗಾಗ ಬಾಗಿಲು ತೆರೆಯುವ ಚಪಲ ತಡೆದುಕೊಂಡೆ. ತೆರೆದಷ್ಟೂ ಒಳಗಿನ ತಂಪು ಹೋಗುತ್ತದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಅಡುಗೆಮನೆಯಲ್ಲಿ ಗೊರ್ ಶಬ್ದ. ಓಡಿಹೋಗಿ ಟಿ ಮತ್ತು ಎಚ್ ನಡುವೆ ಮೀಟರ್ ಇಟ್ಟೆ. ಸೊನ್ನೆ. ಹುಬ್ಬಳ್ಳಿಯಲ್ಲಿ ಆಗ ಬೆಳಗಿನ ಒಂಬತ್ತೂವರೆ, ಅಪ್ಪ ಅಂಗಡಿಯ ಶಟರ್ ಎತ್ತುವ ಸಮಯ. ಫೋನ್ ಹಚ್ಚಿ, ಐಸ್ ಡಬ್ಬಿಗೆ ಬೀಳುವ ಸದ್ದನ್ನು ಅವರಿಗೆ ಕೇಳಿಸಿದೆ.