ಮೇಷ್ಟ್ರ ಬೀಳ್ಕೊಡುಗೆಗೆ ಆಗಸ್ಟ್ 18 ಯಾಕೆ ಹಿಡಿದೆವು

ನಮ್ಮ ವಿಜ್ಞಾನ ಮೇಷ್ಟ್ರ ವಯೋನಿವೃತ್ತಿ ಆಗಸ್ಟ್ 31ಕ್ಕೆ ಇತ್ತು. ಬೀಳ್ಕೊಡುಗೆ ನಡೆಸುವ ಹೊಣೆ ನನಗೆ ಬಂತು. ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು ನಾನು, ಹನ್ನೊಂದು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು. ಹಿಂದೊಮ್ಮೆ ಇನ್ನೊಬ್ಬರ ಬೀಳ್ಕೊಡುಗೆಯಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ, ಒಂಬತ್ತು ಜನರ ಭಾಷಣ ಎಲ್ಲ ಆಗಿ, ಹೊರಟವರಿಗೆ ಮಾತಾಡಲು ಸಿಕ್ಕಿದ್ದು ಐದೇ ನಿಮಿಷ. ಜೀವಮಾನವಿಡೀ ಪಾಠ ಹೇಳಿದವರನ್ನು ವೇದಿಕೆ ಮೇಲೆ ಸುಮ್ಮನೆ ಕೂರಿಸುವುದು ನನಗೆ ಸರಿ ಕಾಣಲಿಲ್ಲ. ಈ ಸಲ ಮೇಷ್ಟ್ರದೇ ಒಂದು ಪಾಠ ಇಡೋಣ ಅಂದೆ. ಹೆಡ್‌ಮಿಸ್ ಒಪ್ಪಿದರು.

ದಿನ ಹುಡುಕುವುದು ಕಷ್ಟವಾಗಲಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಇಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗಾಗಿ ಇಷ್ಟು ವರ್ಷದಲ್ಲಿ ಮೇಷ್ಟ್ರಿಗೆ ಇದನ್ನು ಮಕ್ಕಳ ಜೊತೆ ನಿಂತು ನೋಡಲು ಆಗಿರಲೇ ಇಲ್ಲ.

ಆಮಂತ್ರಣವನ್ನು ಎಂಟನೇ ತರಗತಿಯವರು ಮಾಡಿದರು. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಬೆಂಕಿಕಡ್ಡಿಯನ್ನು ಸುಣ್ಣದ ತಿಳಿನೀರಿಗೆ ಅದ್ದಿ ಬರೆದರೆ ಅಕ್ಷರ ಕೆಂಪಗೆ ಮೂಡುತ್ತದೆ. 'ಆರತಿ ತಟ್ಟೆಯ ಓಕುಳಿ ಯಾಕ್ರೋ ಕೆಂಪು?' ಅಂತ ಕೇಳಿಯೇ ಮೇಷ್ಟ್ರು ಪ್ರತಿವರ್ಷ ಆಮ್ಲ, ಪ್ರತ್ಯಾಮ್ಲದ ಪಾಠ ಶುರು ಮಾಡುತ್ತಿದ್ದುದು. ವಾರ ಮೊದಲೇ ಬರೆಸಿದ ಕೆಲವು ಹಾಳೆ ಮಾಸಿದವು. ಕೊಡುವ ಹಿಂದಿನ ದಿನ ಬರೆಸಿ, ಚೆನ್ನಾಗಿರುತ್ತವೆ. ಹಳೆಯ ವಿದ್ಯಾರ್ಥಿಗಳಿಗೆ ಅದರದೇ ಫೋಟೋ ವಾಟ್ಸಾಪ್ ಮಾಡಿದೆವು.

ಅವತ್ತು ಬೆಳಗ್ಗೆಯಿಂದ ಮೋಡ. ಮೈದಾನದ ನಡುವೆ 30 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಕೆಳಗೆ ಬಿಳಿ ಹಾಳೆ ಹಾಸಿದ್ದೆವು. ನಮ್ಮೂರಿನ ನಡುಹಗಲು, ಅಂದರೆ ಸೂರ್ಯ ನೆತ್ತಿಗೆ ಬರುವ ಹೊತ್ತು, ಅವತ್ತು 12:24ಕ್ಕೆ. ಆ ಹೊತ್ತು ಬಂತು, ಹೋಯಿತು, ಬಿಸಿಲು ಬರಲಿಲ್ಲ. ನನಗೆ ಅಳು ಬಂದಂತಾಯಿತು. ಮೇಷ್ಟ್ರು ಮಾತ್ರ ಪೈಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತೇ ಇದ್ದರು. 12:31ಕ್ಕೆ ಮೋಡ ಸರಿದು ಹಾಳೆ ಮೇಲೆ ಬಿಸಿಲು ಬಿತ್ತು. ಪೈಪಿನ ಬುಡದಲ್ಲಿ, ಪೂರ್ವದ ಕಡೆಗೆ, ಉಗುರಿನಷ್ಟು ನೆರಳು.

'ಸಾರ್, ನೆರಳು ಬಂದ್ಬಿಡ್ತು!' ಅಂದಳು ಒಬ್ಬಳು, ಬೇಜಾರಲ್ಲಿ.

'ಬರಲೇಬೇಕಲ್ವೇನಮ್ಮಾ. ಏಳು ನಿಮಿಷದಲ್ಲಿ ಭೂಮಿ ಎಷ್ಟು ತಿರುಗಿರುತ್ತೆ? ಲೆಕ್ಕ ಹಾಕು.'

ಒಂದು ಡಿಗ್ರಿಗೆ ನಾಲ್ಕು ನಿಮಿಷ, ಏಳು ನಿಮಿಷಕ್ಕೆ ಒಂದೂಮುಕ್ಕಾಲು ಡಿಗ್ರಿ. ಸ್ಕೇಲ್ ಇಟ್ಟು ಅಳೆದರು: ಒಂಬತ್ತು ಮಿಲಿಮೀಟರ್. 30 ಸೆಂಟಿಮೀಟರ್ ಪೈಪಿಗೆ ಅಷ್ಟು ಓರೆಯಲ್ಲಿ ಬೀಳಬೇಕಾದ ನೆರಳಿನ ಲೆಕ್ಕಕ್ಕೆ ಸರಿಹೊಂದಿತು. ಮೀಸೆ ಬಂದ ಹಳೆಯ ವಿದ್ಯಾರ್ಥಿಗಳೂ ಮಂಡಿಯೂರಿ ಬಗ್ಗಿ ನೋಡಿದರು. ಪಾಠ ಮುಕ್ಕಾಲು ಗಂಟೆ ನಡೆಯಿತು. ಆಮೇಲೆ ಕೇಸರಿಬಾತ್, ಖಾರಾಬಾತ್. ಶಾಲನ್ನೂ ಹೊದಿಸಿದೆವು, ಅದನ್ನು ಬಿಡಲು ನನಗೂ ಮನಸ್ಸಾಗಲಿಲ್ಲ.

31ರಂದು ಲ್ಯಾಬಿನ ಚಾರ್ಜ್ ನನಗೆ ಒಪ್ಪಿಸಿದರು. ಬೀಗದಕೈ ಜೊತೆ ಕೊಟ್ಟ ಸ್ಟಾಕ್ ರಿಜಿಸ್ಟರಿನಲ್ಲಿ ಮಸೂರ, ಪ್ರನಾಳ, ಸ್ಪಿರಿಟ್ ದೀಪ ಎಲ್ಲ ಮುಗಿದ ಮೇಲೆ ಅವರ ಕೈಬರಹದ ಕೊನೆಯ ಸಾಲು: 'ಪಿವಿಸಿ ಪೈಪು, 30 ಸೆಂ.ಮೀ., ಒಂದು. ಸುಸ್ಥಿತಿಯಲ್ಲಿದೆ.'