ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು: ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಿನ ಕಾಲುದಾರಿ ಹೆಚ್ಚುಕಮ್ಮಿ ನಾಲ್ಕೂವರೆ ಕಿಲೋಮೀಟರ್. ಬಿರುಸಾಗಿ ನಡೆದರೆ 50 ನಿಮಿಷಕ್ಕೆ ಮುಗಿದೇ ಹೋಗುತ್ತದೆ. ಕೆರೆಯನ್ನು ನೋಡಲೆಂದೇ ಬಂದವರು ಎರಡು ಗಂಟೆ ಇಟ್ಟುಕೊಳ್ಳಿ. ದಿನಾ ವಾಕಿಂಗ್ ಬರುವವರೂ ವಾರಕ್ಕೊಮ್ಮೆ ಇಯರ್‌ಫೋನ್ ಮನೆಯಲ್ಲಿಟ್ಟು ನಿಧಾನಕ್ಕೆ ಒಂದು ಸುತ್ತು ಹಾಕಿ.

ಹುಣಸೂರು ರಸ್ತೆ ಕಡೆಯಿಂದಲೂ ಬೋಗಾದಿ ರಸ್ತೆ ಕಡೆಯಿಂದಲೂ ಒಳಗೆ ಬರಬಹುದು. ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಬೆಳಿಗ್ಗೆ ಮತ್ತು ಸಂಜೆಯ ವೇಳೆಯನ್ನು ಗೇಟಿನ ಫಲಕ ನೋಡಿ ಖಚಿತ ಮಾಡಿಕೊಳ್ಳಿ, ಮಧ್ಯಾಹ್ನದ ಹೊತ್ತನ್ನು ನಂಬಿ ಬರಬೇಡಿ. ಮೈಸೂರಿನಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟುವುದು 6.45ರ ಆಚೀಚೆ, ಜೂನ್ ಮೊದಲಲ್ಲಿ ಆರಕ್ಕೂ ಮುಂಚೆ. ಸೂರ್ಯೋದಯಕ್ಕೆ ಹತ್ತು ನಿಮಿಷ ಮೊದಲೇ ನೀರಿನ ಬಳಿ ಇದ್ದರೆ ಚೆನ್ನ.

ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಬೆಳಕೇ ಹೇಳುತ್ತದೆ. ಬೆಳಿಗ್ಗೆ ಪೂರ್ವದ ದಡದಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಗಳ ಬಣ್ಣ ಪೂರ್ತಿ ಕಾಣುತ್ತದೆ. ಪಶ್ಚಿಮದ ದಡದಿಂದ ಅದೇ ಹಕ್ಕಿಗಳು ಬರೀ ಕಪ್ಪು ನೆರಳು. ಹಾಗಾಗಿ ಪೂರ್ವದಲ್ಲಿ ಶುರು ಮಾಡಿ, ಪ್ರದಕ್ಷಿಣೆಯಂತೆ ಕೆರೆಯನ್ನು ಬಲಕ್ಕಿಟ್ಟುಕೊಂಡು ದಕ್ಷಿಣ, ಪಶ್ಚಿಮ, ಉತ್ತರಕ್ಕೆ ಬನ್ನಿ. ಸಂಜೆ ಇದು ತಿರುಗುಮುರುಗು. ಆಗ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿ ಇರುವ ಪಶ್ಚಿಮದ ದಡವೇ ಒಳ್ಳೆಯದು: ನೀರಿನಾಚೆ ಆಗ್ನೇಯಕ್ಕೆ ಚಾಮುಂಡಿ ಬೆಟ್ಟ, ಅದರ ಮೇಲೆ ನೇರವಾಗಿ ಬಿದ್ದ ಇಳಿಬಿಸಿಲು.

ಏರಿ ಎಲ್ಲಿದೆ ಎಂದು ತಿಳಿಯಲು ಎರಡೂ ಬದಿ ನೋಡಿ. ಒಂದು ಬದಿ ನೀರಿದ್ದು, ಇನ್ನೊಂದು ಬದಿಯ ನೆಲ ಆ ನೀರಿಗಿಂತ ಕೆಳಗಿದ್ದರೆ ನೀವು ಏರಿಯ ಮೇಲಿದ್ದೀರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಊರಾಚೆಯ ಜಮೀನಿಗೆ ನೀರುಣಿಸಲು ಕಟ್ಟಿಸಿದ ಮಣ್ಣಿನ ಅಣೆಕಟ್ಟೆ ಇದು. ಮಣ್ಣಿನ ಏರಿಗೆ ಇಲಿ, ಏಡಿಗಳ ಬಿಲವೂ ಶತ್ರು, ದೊಡ್ಡ ಮರದ ಬೇರೂ ಶತ್ರು. ಬೇರು ಸತ್ತು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಏರಿಯ ಹಿಂಬದಿಯಲ್ಲಿ ತೇವ ಕಂಡ ಮಾತ್ರಕ್ಕೆ ಗಾಬರಿ ಬೇಡ, ಸ್ವಲ್ಪ ತಿಳಿನೀರು ಜಿನುಗುವುದು ಮಣ್ಣಿನ ಏರಿಗೆ ಸಹಜ. ಜಿನುಗು ಕೆಂಪಗೆ, ಕದಡಿ ಬಂದರೆ ಮಾತ್ರ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಗೇಟಿನ ಸಿಬ್ಬಂದಿಗೆ ತಕ್ಷಣ ಹೇಳಿ. ಅಡ್ಡದಾರಿಗೆಂದು ಇಳಿಜಾರಿನಲ್ಲಿ ಹತ್ತಿಳಿಯಬೇಡಿ. ಕಾಲು ಬಿದ್ದ ಕಡೆ ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ಅಲ್ಲೇ ಕೊರಕಲು ಬೀಳುತ್ತದೆ.

ಹಕ್ಕಿ ನೋಡಲು 8x42 ಬೈನಾಕ್ಯುಲರ್ (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಸಾಕು. ಚಳಿಗಾಲದ ಕೊನೆಯಿಂದ ಬೇಸಿಗೆವರೆಗೆ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳ (ಪೆಲಿಕನ್) ಸಂಸಾರ ನಡೆಯುತ್ತದೆ. ಹೊಸಬರು ತಪ್ಪುವುದು ನೀರುಕಾಗೆ ಮತ್ತು ಹಾವಕ್ಕಿಯ ವಿಷಯದಲ್ಲಿ. ಎರಡೂ ಕಪ್ಪಗೆ, ಎರಡೂ ಮುಳುಗಿ ಮೀನು ಹಿಡಿಯುತ್ತವೆ, ಎರಡೂ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಕೊಕ್ಕು ನೋಡಿ: ನೀರುಕಾಗೆಯದರ ತುದಿ ಕೊಕ್ಕೆಯಂತೆ ಬಾಗಿದೆ, ಹಾವಕ್ಕಿಯದು ದಬ್ಬಣದಂತೆ ನೆಟ್ಟಗೆ. ಈಜುವಾಗ ಹಾವಕ್ಕಿಯ ಮೈ ಪೂರ್ತಿ ಮುಳುಗಿ, ಕತ್ತು ಮಾತ್ರ ಹಾವಿನ ಹಾಗೆ ಮೇಲೆದ್ದಿರುತ್ತದೆ. ಇಷ್ಟನ್ನು ಕಣ್ಣಾರೆ ಕಂಡರೆ ಮತ್ತೆ ಮರೆಯುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಚಪ್ಪಾಳೆ, ಕೂಗು, ಡ್ರೋನ್ ಯಾವುದೂ ಬೇಡ. ದೊಡ್ಡ ಹಕ್ಕಿ ಬೆದರಿ ಎದ್ದರೆ ಮೊಟ್ಟೆ, ಮರಿ ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತವೆ.

ಏಪ್ರಿಲ್, ಮೇನಲ್ಲಿ ನೀರು ಇಳಿದಾಗ ಪಾಚಿ ಹಸಿರು ಬಣ್ಣ ಬಳಿದಂತೆ ಹರಡಿ ವಾಸನೆ ಬರುವುದುಂಟು. ಕೊಳಚೆ ಸೇರಿದ ನೀರಿನಲ್ಲಿ ಪಾಚಿಗೆ ಗೊಬ್ಬರ ಹೇರಳ. ಹಗಲು ಆಮ್ಲಜನಕ ಬಿಡುವ ಅದೇ ಪಾಚಿ ರಾತ್ರಿ ಅದನ್ನು ಬಳಸುತ್ತದೆ. ಅದಕ್ಕೇ ಕೆರೆಗಳಲ್ಲಿ ಮೀನು ಸತ್ತು ತೇಲುವುದು ಹೆಚ್ಚಾಗಿ ನಸುಕಿನಲ್ಲಿ. ಸತ್ತ ಮೀನನ್ನು ಮುಟ್ಟಬೇಡಿ, ಮನೆಗಂತೂ ಒಯ್ಯಲೇಬೇಡಿ. ಬ್ರೆಡ್ಡು, ಪುರಿ ಎಸೆಯುವುದೂ ಇದೇ ಕೊಳೆತಕ್ಕೆ ಸೇರಿಸಿದ ಹಾಗೆ. ಹೆಜ್ಜಾರ್ಲೆಗೆ ಮೀನು ಬೇಕು, ಪುರಿಯಲ್ಲ.

ಮಳೆಗಾಲದಲ್ಲಿ ಸವೆದ ಅಟ್ಟೆಯ ಶೂ ಹಾಕಬೇಡಿ: ಮರದ ನೆರಳಿನಲ್ಲಿ ಪಾಚಿ ಹಿಡಿದ ನೆಲ ಜಾರುತ್ತದೆ, ಕೆಂಪು ಜೇಡಿ ಅಟ್ಟೆಗೆ ಮೆತ್ತಿಕೊಂಡರೆ ಹಿಡಿತವೇ ಇರದು. ಪೊದೆಯಂಚಿನಲ್ಲಿ ಹಾವು ಇರುತ್ತವೆ, ದಾರಿಯ ನಡುವೆಯೇ ನಡೆಯಿರಿ, ಮಬ್ಬಿದ್ದರೆ ಟಾರ್ಚ್ ಹಿಡಿಯಿರಿ. ಅರ್ಧ ಲೀಟರ್ ನೀರು ಜೊತೆಗಿರಲಿ, ಖಾಲಿ ಬಾಟಲಿ ವಾಪಸ್ ಬರಲಿ. ಸಂಜೆ ಬಂದವರು ಗೇಟು ಹಾಕಲು ಅರ್ಧ ಗಂಟೆ ಇರುವಾಗ ಹೊಸ ಸುತ್ತು ಶುರು ಮಾಡಬೇಡಿ. ಒಂದು ಕಡೆ ಕೂತು, ಹೆಜ್ಜಾರ್ಲೆಗಳು ಸಾಲಾಗಿ ನಡುಗಡ್ಡೆಗೆ ಇಳಿಯುವುದನ್ನು ನೋಡಿ.